ಅತ್ತೆಯ ಗಾಲಿಶಾಸ್ತ್ರ

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ನೋಡುವ ಅಭ್ಯಾಸವೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರು ಮೊದಲು ನೋಡುವುದು ಗಾಲಿ! ಮನೆ ಮುಂದೆ ಯಾವುದೇ ಗಾಡಿ ನಿಲ್ಲಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಗ್ಗಿ ನಾಲ್ಕೂ ಗಾಲಿಗಳನ್ನು ತಪಾಸಣೆ ಮಾಡಿದ ಮೇಲೆಯೇ ಒಳಗೆ ಕೂತವರನ್ನು ಮಾತಾಡಿಸುವುದು. ಗಾಲಿ ಹೊಲಸಾದಷ್ಟೂ ನಿಮ್ಮ ಚಹಾಕ್ಕೆ ಸಕ್ಕರೆ ಹೆಚ್ಚು. ತೊಳೆದ ಗಾಲಿಯಲ್ಲಿ ಬಂದಿರೋ, ಚಹಾ ಆಗಲೂ ಬರುತ್ತದೆ, ಆದರೆ ಜೊತೆಗೆ ಅನುಮಾನವೂ ಬರುತ್ತದೆ.

ಇದರಿಂದ ಹಾನಿ ಯಾರಿಗೆ? ಇನ್ಯಾರಿಗೆ, ನನಗೆ! ಮಹಾರಾಷ್ಟ್ರದ ಗಡಿಯಲ್ಲಿರುವ ಇಚಲಕರಂಜಿಯಲ್ಲಿ ನನ್ನದೊಂದು ಗಾಡಿ ಸಾಮಾನಿನ ಅಂಗಡಿ ಇದೆ. ಸೀಟಿನ ಕವರು, ಹಾರ್ನು, ಮುಂದಿನ ಗಾಜಿಗೆ ಅಂಟಿಸುವ ದೇವರು, ಗಾಲಿ ತೊಳೆಯುವ ಬಾಟಲಿಗಳು. ಅತ್ತೆ ಬೇಸರವಾದಾಗಲೆಲ್ಲ ಊರಂಚಿನ ಶಹಾಪುರದಿಂದ ರಿಕ್ಷಾ ಹತ್ತಿ ಬಂದು ಅಂಗಡಿಯ ಸ್ಟೂಲಿನ ಮೇಲೆ ವಿರಾಜಮಾನರಾಗುತ್ತಾರೆ. ಒಮ್ಮೆ ಒಬ್ಬ ಗಿರಾಕಿ ಹೆಂಡತಿಯ ಜೊತೆ ಬಂದು, ಗಾಲಿಗೆ ಒಳ್ಳೆಯ ಕ್ಲೀನರ್ ಇದೆಯೇ ಎಂದು ಕೇಳಿದ. ನಾನು ಬಾಟಲಿಗೆ ಕೈ ಹಾಕುವ ಮೊದಲೇ ಸ್ಟೂಲಿನಿಂದ ಮರಾಠಿ ಹೊರಟಿತು.

"ಕಶಾಲಾ ಧುತಾಯ್ ಓ? ಕಾಯ್ ಲಪವಾಯಚಂ ಆಹೆ?"

ಯಾಕೆ ತೊಳೀತೀರಿ, ಏನು ಮುಚ್ಚಿಡಬೇಕಾಗಿದೆ ಎಂದು! ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಇಬ್ಬರೂ ಕೂಡಿ ತಮ್ಮ ಗಾಡಿಯ ಗಾಲಿ ನೋಡಿದರು. ಬಾಟಲಿ ನನ್ನ ಕೈಯಲ್ಲೇ ಉಳಿಯಿತು.

ಈ ವಿದ್ಯೆ ಅತ್ತೆಗೆ ಬಂದದ್ದು ಮಾವನವರ ಕಾಲದಲ್ಲಿ. ಮಾವ ಬಟ್ಟೆಯ ಗಂಟು ಸಾಗಿಸುವ ಲಾರಿ ಓಡಿಸುತ್ತಿದ್ದರು. ಮಹಾ ಮಿತಭಾಷಿ! "ಎಲ್ಲಿಗೆ ಹೋಗಿದ್ರಿ?" ಎಂದರೆ "ಆ ಕಡಿ" ಅನ್ನುತ್ತಿದ್ದರಂತೆ. "ಯಾ ಕಡಿ?" ಎಂದರೆ "ಮುಂದ." ಇಂಥ ಗಂಡನ ಜೊತೆ ಸಂಸಾರ ಮಾಡುವ ಹೆಂಗಸು ಗಾಲಿಯನ್ನಲ್ಲದೆ ಇನ್ನಾರನ್ನು ಕೇಳಬೇಕು? ಮಣ್ಣಿನ ಬಣ್ಣ, ಕೆಸರಿನ ಎತ್ತರ, ಸಿಕ್ಕಿಕೊಂಡ ಕಸಕಡ್ಡಿ ನೋಡಿ ನೋಡಿ ಅತ್ತೆ ಪಂಡಿತರಾದರು. ಮಗ ಸಂಜು ಇನ್ನೂ ಶಾಲೆಗೆ ಹೋಗದ ವಯಸ್ಸಿನಲ್ಲಿದ್ದಾಗಲೇ ಮಾವ ದಾರಿಯಲ್ಲಿ ಎದೆನೋವು ಬಂದು ತೀರಿಹೋದರು. ಅತ್ತೆ ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತಾ ಮಗನನ್ನು ಬೆಳೆಸಿದರು. ಮಗನೂ ಗಾಡಿಯನ್ನೇ ಹಿಡಿದ. ಈಗ ಅವನದೇ ಬಾಡಿಗೆ ಕಾರು ಇದೆ. ಅತ್ತೆಯ ಶಾಸ್ತ್ರಕ್ಕೆ ಮತ್ತೆ ಕೆಲಸ ಸಿಕ್ಕಿತು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಸಂಜು ಬಂದು ಕೈ ತೊಳೆದು ರೊಟ್ಟಿ ಮುರಿದ. ಅತ್ತೆ ಅಂಗಳದಿಂದಲೇ ಕೂಗಿದರು.

"ಎಲ್ಲಿಗೆ ಹೋಗಿದ್ದಿಯೋ?"

"ಕೊಲ್ಲಾಪುರಕ್ಕ, ಅವ್ವಾ. ಗುಡಿಗೆ ಹೋಗೂ ಮಂದಿ ಇದ್ರು."

"ಕೊಲ್ಲಾಪುರಕ್ಕ ಕೆಂಪ ಮಣ್ಣ ಯಾವಾಗ ಬಂತು?"

"ಅಲ್ಲಿಂದ ಗಡಹಿಂಗ್ಲಜಕ್ಕ ಹೋದ್ವಿ."

"ಗಡಹಿಂಗ್ಲಜ ಪ್ಯಾಟಿ ತನಕ ಡಾಂಬರ ಐತಿ. ಇದು ಒಳದಾರಿ ಮಣ್ಣ."

"ಹಂಗಲ್ಲವಾ, ಹಲಕರ್ಣಿ ಕಡೆ..."

"ಹಲಕರ್ಣಿ ಆಗಿದ್ರ ಕಬ್ಬಿನ ಒಣ ರವದಿ ಸಿಕ್ಕೊಂಡಿರತಿತ್ತು. ಇದು ಉತ್ತೂರ."

ಸಂಜು ರೊಟ್ಟಿ ಬಿಟ್ಟು ನೀರಿನ ಚೊಂಬಿಗೆ ಕೈ ಚಾಚಿದ. ನಾನೇ ನೀರು ಕೊಟ್ಟೆ.

ಉತ್ತೂರಿನಲ್ಲಿ ಏನಿತ್ತು? ಏನಲ್ಲ, ಯಾರು ಎಂದು ಕೇಳಿ! ಯಾವುದೋ ಮದುವೆ ಮಂದಿಯನ್ನು ಬಿಡಲು ಹೋದವನು ಅಲ್ಲೊಬ್ಬ ಹುಡುಗಿಯನ್ನು ಕಂಡು ಬಂದಿದ್ದ. ಅಂದಿನಿಂದ ಅವನ ದಾರಿಗಳೆಲ್ಲ ಉತ್ತೂರಿನ ಮೇಲೆಯೇ ಹಾಯತೊಡಗಿದವು. ಕೊಲ್ಲಾಪುರದಿಂದ ಇಚಲಕರಂಜಿಗೆ ಬರಲು, ದಿಕ್ಕೇ ಬೇರೆಯಾದ ಉತ್ತೂರು! ಇತ್ತ ಅತ್ತೆ ಹಲಕರ್ಣಿಯ ಬಳಗದ ಹುಡುಗಿಯೊಬ್ಬಳ ಗುಣಗಾನವನ್ನು ಬೆಳಗ್ಗೆ ಸಂಜೆ ಮಾಡುತ್ತಿದ್ದರು. ಸಂಜು ನನ್ನ ಅಂಗಡಿಗೆ ಬಂದು ಅಳುಮೋರೆ ಮಾಡಿದ.

"ಅಣ್ಣಾ, ಅವ್ವಗ ಹೇಳಾಕ ಧೈರ್ಯ ಆಗವಲ್ದು. ಆಕಿ ಒಲ್ಲೆ ಅಂದ್ರ ಮುಗೀತು, ನಾ ಆಕಿ ಮಾತ ಮೀರಾಂವಲ್ಲ. ಸ್ವಲ್ಪ ದಿನಾ ಗೊತ್ತಾಗದಂಗ ಮಾಡು. ಗಾಲಿ ತೊಳಿಯೂದು ಏನರ ಹೇಳು."

"ಧೈರ್ಯದ ಬಾಟ್ಲಿ ನನ್ನ ಕಡೆ ಇಲ್ಲಪಾ. ಗಾಲೀದು ಐತಿ, ತಗೊಂಡ ಹೋಗು."

"ನಿನ್ನ ಅಂಗಡಿ ಬಾಟ್ಲಿ ವಾಸನಿ ಎಲ್ಲಾ ಅವ್ವಗ ಬಾಯಿಪಾಠ ಐತಿ. ಬ್ಯಾರೆ ಹೇಳು."

ಹೀಗೆ ನಮ್ಮ ಸಂಶೋಧನೆ ಶುರುವಾಯಿತು. ಮೊದಲು ಪಾತ್ರೆ ತಿಕ್ಕುವ ಸೋಪು, ತೆಂಗಿನ ನಾರು. ಮಣ್ಣು ಹೋಯಿತು. ಆದರೆ ಬ್ರೇಕಿನಿಂದ ಉದುರುವ ಕರಿ ಪುಡಿ ಮಾತ್ರ ರಿಮ್ಮಿಗೆ ಅಂಟಿಯೇ ಕೂತಿತು. ಅತ್ತೆ ಗಾಲಿಯ ಬಳಿ ಮೂಗು ಒಯ್ದು ಕೇಳಿದರು: "ಲಿಂಬಿಹಣ್ಣಿನ ವಾಸನಿ ಬರಾಕತ್ತೈತಲ್ಲೋ! ಗಾಲಿ ದಾರ್‍ಯಾಗ ಶರಬತ್ ಕುಡದ ಬಂದೈತೇನ?"

ಎರಡನೆಯದು ಹುಣಸೆಹಣ್ಣು. ಹಿತ್ತಾಳೆ ಕೊಡ ಬೆಳಗುವುದಾದರೆ ಗಾಲಿ ಯಾಕೆ ಬೆಳಗಬಾರದು ಎಂಬುದು ಸಂಜುವಿನ ತರ್ಕ. ನಾನೂ ತಲೆಯಾಡಿಸಿದೆ. ಗಾಲಿ ಬೆಳಗಲಿಲ್ಲ. ಸಾಲು ಹಿಡಿದು ಇರುವೆಗಳು ಬಂದವು. ಅತ್ತೆಗೆ ಅಡುಗೆಮನೆಯ ಭರಣಿ ಖಾಲಿಯಾದದ್ದು ತಿಳಿದದ್ದು ಇರುವೆಗಳಿಂದಲೇ.

ಮೂರನೆಯದು ಬಚ್ಚಲು ತೊಳೆಯುವ ಆ್ಯಸಿಡ್. ಇದನ್ನು ನಾನು ಬೇಡ ಬೇಡ ಎಂದೆ. ಪ್ರೇಮಿಗಳು ಯಾರ ಮಾತು ಕೇಳಿದ್ದಾರೆ? ಕೊಳೆಯ ಜೊತೆ ಗಾಲಿಯ ಹೊಳಪೂ ಹೋಗಿ, ಒಂದು ರಿಮ್ಮಿನ ಮೇಲೆ ಗಜಕರ್ಣ ಎದ್ದಂತೆ ಬಿಳಿ ಕಲೆಗಳು ಎದ್ದವು. "ಗಾಲೀನ ಡಾಕ್ಟರಗ ತೋರ್ಸು" ಎಂದು ಅತ್ತೆ ಸಲಹೆ ಕೊಟ್ಟರು.

ಆಮೇಲೆ ಮಗ್ಗದ ಬಿಡಿಭಾಗಗಳನ್ನು ಒರೆಸುವ ಎಣ್ಣೆ. ಆಹಾ, ಏನು ಮಿಂಚು! ಸಂಜು ಸಿಳ್ಳೆ ಹಾಕುತ್ತಾ ಶಹಾಪುರದ ಓಣಿಗೆ ತಿರುಗಿದ. ಎರಡೂ ಬದಿಗೆ ಮಗ್ಗದ ಶೆಡ್ಡುಗಳು, ಗಾಳಿಯ ತುಂಬ ಹತ್ತಿಯ ತುಪ್ಪಳ. ಎಣ್ಣೆ ಹಚ್ಚಿಕೊಂಡ ಗಾಲಿ ಅದನ್ನೆಲ್ಲ ಅಪ್ಪಿಕೊಂಡಿತು. ಮನೆ ಮುಟ್ಟುವಷ್ಟರಲ್ಲಿ ನಾಲ್ಕೂ ಗಾಲಿಗಳಿಗೆ ಬಿಳಿ ಗಡ್ಡ ಬಂದಿತ್ತು! ಅತ್ತೆ ಬಾಗಿಲಲ್ಲಿ ನಿಂತು ಕೈ ಮುಗಿದರು. "ಬರ್ರಿ ಅಜ್ಜಾರ. ಉತ್ತೂರಿಂದ ಬಂದ್ರೇನ್ರಿ?"

ಕೊನೆಗೆ ನಾನು ಮಾನ ಪಣಕ್ಕಿಟ್ಟೆ. ಗಾಡಿ ಸಾಮಾನಿನ ಅಂಗಡಿಯವನಾಗಿ ಒಬ್ಬ ಮುದುಕಿಯ ಕಣ್ಣಿಗೆ ಮಣ್ಣೆರಚಲು, ಅಲ್ಲ, ಮಣ್ಣು ಕಾಣದಂತೆ ಮಾಡಲು ಆಗುವುದಿಲ್ಲವೆ? ಕೊಲ್ಲಾಪುರದಿಂದ ಹೊಸ ಬಾಟಲಿ ತರಿಸಿದೆ. ಆ್ಯಸಿಡ್ ಇಲ್ಲದ್ದು. ಗಾಲಿ ತಣ್ಣಗಾದ ಮೇಲೆ ಸಿಂಪಡಿಸಬೇಕು, ಒಣಗಲು ಬಿಡದೆ ಮೆತ್ತನೆಯ ಬ್ರಶ್ಶಿನಿಂದ ತಿಕ್ಕಬೇಕು, ಧಾರಾಳ ನೀರು ಹೊಯ್ಯಬೇಕು. ಬ್ರೇಕಿನ ಕಬ್ಬಿಣದ ಪುಡಿ ತಾಗಿದ ಕೂಡಲೇ ಅದು ಕೆನ್ನೇರಳೆಗೆ ತಿರುಗಿ ಇಳಿಯುತ್ತದೆ. ಅಂಗಡಿಯ ಹಿಂದೆ ಸಂಜು ಸಿಂಪಡಿಸಿದ್ದೇ ತಡ, ಪಕ್ಕದ ಚಹಾದ ಗಾಡಿಯವಳು ಕಿಟಾರನೆ ಕಿರುಚಿದಳು. "ಅಯ್ಯ ನಮ್ಮವ್ವಾ, ರಕ್ತ! ಯಾರಿಗ ಹಾಯಿಸಿ ಬಂದ್ಯೋ ಸಂಜ್ಯಾ?" ಸುತ್ತ ಸೇರಿದ ಜನರಿಗೆ ನಾನು ರಸಾಯನಶಾಸ್ತ್ರದ ಪಾಠ ಮಾಡಬೇಕಾಯಿತು.

ಆದರೆ ತೊಳೆದ ಮೇಲೆ ನೋಡಬೇಕಿತ್ತು! ಆ ಗಜಕರ್ಣದ ಕಲೆಗಳನ್ನು ಬಿಟ್ಟರೆ, ಕಾರ್ಖಾನೆಯಿಂದ ಬಂದಾಗಲೂ ಆ ಗಾಲಿಗಳು ಅಷ್ಟು ಚೊಕ್ಕವಿರಲಿಲ್ಲ. ಒಳ ಅಂಚಿನಲ್ಲಿ ಸಹ ಒಂದು ಕಣವಿಲ್ಲ. ಗಾಲಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಹುಡುಕಿದರೂ ಉತ್ತೂರು ಸಿಗುವಂತಿರಲಿಲ್ಲ. ಗೆಲುವನ್ನು ಕಣ್ಣಾರೆ ನೋಡಬೇಕೆಂದು ನಾನೂ ಗಾಡಿ ಹತ್ತಿದೆ.

ಅತ್ತೆ ಎಂದಿನಂತೆ ಸೆರಗು ಸಿಕ್ಕಿಸಿ ಬಗ್ಗಿದರು. ಒಂದು ಸುತ್ತು ಹಾಕಿದರು. ಮತ್ತೊಂದು ಸುತ್ತು ಹಾಕಿದರು. ರಿಮ್ಮಿನ ಒಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಸಂಜುವಿಗೆ ಕಣ್ಣು ಹೊಡೆದೆ. ಅತ್ತೆ ಎದ್ದು ನಿಂತು ಮಗನ ಮುಖ ನೋಡಿದರು. ಗಾಲಿ ಬಿಟ್ಟು ಮುಖ! ಎರಡೂ ಕೈಯಿಂದ ಅವನ ಕೆನ್ನೆ, ಹೆಗಲು, ಎದೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟರು.

"ಅತ್ತಿ, ಏನಾತ್ರಿ?" ನನಗೆ ಹೆದರಿಕೆಯಾಯಿತು.

"ಗಾಲಿ ಯಾಕ ತೊಳದ್ರಿ?" ಮಗನ ಕೈ ಬಿಡದೆಯೇ ಕೇಳಿದರು. "ನಿಮ್ಮ ಮಾವನ ಲಾರಿ ಕಡೀ ಸಲ ಬಂದಾಗ ಮಾಲಕ ತೊಳಿಸಿ ತಂದು ಓಣಿ ಬಾಯಾಗ ನಿಲ್ಲಿಸಿದ್ದ. ಪಾಪ, ಒಳ್ಳೇದಕ್ಕ ತೊಳಿಸಿದ್ದ. ಸುದ್ದಿ ಇನ್ನೂ ನನಗ ಯಾರೂ ಹೇಳಿರಲಿಲ್ಲ. ಬಂದ್ರಂತ ಓಡಿ ಹೋಗಿ ಗಾಲಿ ನೋಡಿದ್ನಿ. ಯಾ ದಾರೀಲೆ ಹೋಗಿದ್ರು, ಮಳಿ ಹತ್ತಿತ್ತೋ ಏನೋ, ಎಲ್ಲಿ ಇಳದಿದ್ರು... ಏನೂ ಇರಲಿಲ್ಲಪಾ. ನನಗಂತ ಒಂದು ಚಿಟಿಕಿ ಮಣ್ಣ ಉಳಿಸಿರಲಿಲ್ಲ."

ಇಷ್ಟು ವರ್ಷ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅತ್ತೆ ಗಾಲಿಯಲ್ಲಿ ಕಳ್ಳತನ ಹುಡುಕುತ್ತಾರೆ ಅಂದುಕೊಂಡಿದ್ದೆವು. ಅವರು ಹುಡುಕುತ್ತಿದ್ದದ್ದು ಮನೆಗೆ ಬಂದವನ ಗುರುತು.

ಸಂಜು ಅವರ ಕಾಲ ಬಳಿ ಕುಸಿದು ಕೂತ. "ಉತ್ತೂರಿಗೆ ಹೋಗಿದ್ನಿ, ಅವ್ವಾ. ಅಲ್ಲಿ ಒಬ್ಬಾಕಿ ಅದಾಳ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದು ನನಗ ಮಳಿಗಾಲದಿಂದ ಗೊತ್ತೈತಿ, ಹುಚ್ಚಪ್ಪಾ. ಹೊಲಿಗಿ ಹೊಲಿತಾಳ, ಹೌದಿಲ್ಲೋ?"

"ಅವ್ವಾ! ನಿನಗ ಯಾರ ಹೇಳಿದ್ರು?"

"ಗಾಲ್ಯಾಗ ಹಸಿರು, ಗುಲಾಬಿ ದಾರ ಸುತ್ಕೊಂಡ ಬಂದಿತ್ತು. ಹುಟ್ಟಾ ನೂಲಿನ್ಯಾಗ ಬೆಳದಾಕಿ ನಾ, ಮಗ್ಗದ ನೂಲು ಯಾವುದು, ಜಂಪರ ಹೊಲಿಯೂ ದಾರ ಯಾವುದು ನನಗ ತಿಳಿಯಂಗಿಲ್ಲೇನ? ಹಲಕರ್ಣಿ ಸುದ್ದಿ ತಗದದ್ದು ನಿನ್ನ ಬಾಯಿ ಬಿಡಸಾಕ. ಬಾಯಿ ಬಿಡೂದು ಬಿಟ್ಟು ನನ್ನ ಹುಣಚಿಹಣ್ಣ ಖಾಲಿ ಮಾಡಿದಿ!"

ಮುಂದಿನ ವಾರವೇ ಅತ್ತೆ ಅದೇ ಗಾಡಿಯಲ್ಲಿ ಕೂತು ಉತ್ತೂರಿಗೆ ಹೋಗಿ ಹೆಣ್ಣು ಕೇಳಿ ಬಂದರು. ಮದುವೆಯಾಗಿ ಸೊಸೆ ಬಂದ ದಿನ ಬಾಗಿಲಲ್ಲಿ ಅವಳ ಕಾಲಿಗೆ ತಾವೇ ನೀರು ಹಾಕಿದರು. ಚೊಂಬಿನಲ್ಲಿ ಉಳಿದ ನೀರನ್ನು ಸಂಜು ಗಾಲಿಯ ಕಡೆಗೆ ಒಯ್ಯುತ್ತಿದ್ದಂತೆ "ಏ, ಅದನ್ನ ಮುಟ್ಟಬ್ಯಾಡ, ಇರಲಿ ಬಿಡು" ಎಂದು ಗದರಿದರು. ಆ ಕೆಂಪು ಮಣ್ಣು ತಾನಾಗಿ ಒಣಗಿ ಉದುರುವವರೆಗೂ ಹಾಗೇ ಇತ್ತು.

ಈಗಲೂ ಗಿರಾಕಿಗಳು ಬಂದು ಗಾಲಿಗೆ ಯಾವ ಕ್ಲೀನರ್ ಒಳ್ಳೆಯದು ಎಂದು ಕೇಳುತ್ತಾರೆ. ಆ ಕೊಲ್ಲಾಪುರದ ಬಾಟಲಿಯನ್ನೇ ಕೊಡುತ್ತೇನೆ, ಬಳಸುವ ಬಗೆಯನ್ನೂ ಹೇಳುತ್ತೇನೆ. ಕೊನೆಗೆ ಸ್ಟೂಲಿನ ಕಡೆ ಒಮ್ಮೆ ನೋಡಿ ಒಂದು ಮಾತು ಸೇರಿಸುತ್ತೇನೆ.

"ಮೊದಲ ಮನೀಗೆ ಹೋಗ್ರಿ. ಗಾಲಿ ಮನ್ಯಾಗಿನವರಿಗೆ ತೋರಿಸ್ರಿ. ಆಮ್ಯಾಲ ತೊಳೀರಿ."