ಸ್ನೇಹಿತನಿಗೋಸ್ಕರ ನಾಲ್ಕು ಹೆಜ್ಜೆ

ಭಾನುವಾರದ ಬೆಳಗ್ಗೆ ಟೇಪಣ್ಣನಿಗೆ ಎಚ್ಚರವಾಗುತ್ತಿದ್ದದ್ದು ಹಕ್ಕಿಯ ದನಿಗಲ್ಲ, ಅಲಾರಮ್ಮಿಗೂ ಅಲ್ಲ, ಹೆದರಿಕೆಗೆ. ಇನ್ನೇನು ಬೀದಿಯ ತುದಿಯಲ್ಲಿ ಪೋಸ್ಟಣ್ಣನ ಸೈಕಲ್ ಗಂಟೆ ಕೇಳುತ್ತದೆ, ಇನ್ನೇನು “ಏಳಯ್ಯಾ, ಬಿಸಿಲು ಬರೋದ್ರೊಳಗೆ ಹೋಗಿಬರೋಣ” ಎಂಬ ಕೂಗು ಬೀಳುತ್ತದೆ ಎಂದು ಮಸುಕು ಬೆಳಕಿನಲ್ಲೇ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ.

ಟೇಪಣ್ಣ ಎಂದರೆ ಆ ಬೀದಿಯ ಟೈಲರ್. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅಳತೆಯ ಟೇಪನ್ನು ಸ್ನಾನಕ್ಕೆ ಹೋಗುವಾಗಲೂ ಕೊರಳಿಂದ ತೆಗೆಯಲು ಮರೆಯುವ ಮನುಷ್ಯನಿಗೆ ಬೇರೆ ಹೆಸರು ಯಾಕೆ ಎಂದು ಬೀದಿಯವರೇ ತೀರ್ಮಾನಿಸಿಬಿಟ್ಟಿದ್ದರು. ಶಾಲೆಗಳು ಶುರುವಾಗುವ ಕಾಲ. ವಾರವಿಡೀ ಯೂನಿಫಾರಂ ಹೊಲಿದೂ ಹೊಲಿದೂ ಅವನ ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಉಳಿದಿತ್ತು. ನೀಲಿ ಚಡ್ಡಿಗಳು ಕನಸಿನಲ್ಲೂ ಸಾಲುಗಟ್ಟಿ ಬರುತ್ತಿದ್ದವು. ಅವನಿಗೆ ಬೇಕಾದದ್ದು ಒಂದೇ ಒಂದು. ರಜೆಯ ದಿನ, ಕಿಟಕಿಗೆ ಬಿಸಿಲು ಬರುವವರೆಗೆ ಚಾಪೆಯ ಮೇಲೆ ಉದ್ದಕ್ಕೆ, ನೆಟ್ಟಗೆ, ಯಾರ ಸೊಂಟದ ಅಳತೆಯನ್ನೂ ಯೋಚಿಸದೆ ಬಿದ್ದುಕೊಂಡಿರಬೇಕು. ಇದೇನು ದೊಡ್ಡ ಆಸೆಯೇ?

ಆದರೆ ಪೋಸ್ಟಣ್ಣ ಸ್ನೇಹಿತ. ಊರಿನ ಈ ಭಾಗಕ್ಕೆಲ್ಲ ಟಪಾಲು ಹಂಚುವ ಪೋಸ್ಟ್‌ಮ್ಯಾನ್. ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಚಹಾವನ್ನು ಎರಡು ಲೋಟ ಮಾಡಿಕೊಂಡು ಕುಡಿಯುವಷ್ಟು ಸ್ನೇಹ. ಇಬ್ಬರಿಗೂ ಜೋರು ರೇಡಿಯೋ ಆಗದು. ಇಬ್ಬರಿಗೂ ಚಹಾ ನಾಲಿಗೆ ಸುಡುವಷ್ಟು ಬಿಸಿಯಿರಬೇಕು. ವ್ಯತ್ಯಾಸ ಒಂದೇ. ಪೋಸ್ಟಣ್ಣನಿಗೆ ನಡೆಯುವುದೆಂದರೆ ಪ್ರಾಣ, ಟೇಪಣ್ಣನಿಗೆ ನಡೆದರೆ ಪ್ರಾಣ ಹೋದಂತೆ. ಸ್ನೇಹಿತನಿಗಿರುವ ಒಂದೇ ಸುಖಕ್ಕೆ ಕಲ್ಲು ಹಾಕಬಾರದೆಂದು ಅವನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು, ಭಾನುವಾರ ಭಾನುವಾರ, ಊರಾಚೆಯ ಸೇತುವೆಯವರೆಗೆ ಹೋಗಿ ಬಂದಿದ್ದ. ಹೋದ ವಾರವಂತೂ ಸೇತುವೆಯ ಮೇಲೆ ನಿಂತು “ಆಹಾ, ಎಂಥ ಗಾಳಿ!” ಎಂದೂ ಹೇಳಿದ್ದ. ಗಾಳಿಯಲ್ಲಿ ಚರಂಡಿಯ ವಾಸನೆಯಿತ್ತು.

ಈ ಭಾನುವಾರ ಮಾತ್ರ ಅವನ ಕೈಲಾಗಲಿಲ್ಲ. ಸದ್ದಿಲ್ಲದೆ ಎದ್ದು, ಲೈನಿಂಗ್ ಬಟ್ಟೆಯ ಒಂದು ಉದ್ದ ಚೂರು ಹುಡುಕಿ, ಎಡಗಾಲಿಗೆ ಸುತ್ತಿಕೊಂಡು, ಮತ್ತೆ ಚಾಪೆಯ ಮೇಲೆ ಬಿದ್ದು ನರಳತೊಡಗಿದ.

ಹೆಂಡತಿ ಎದ್ದು ಬಂದಳು. ವಾರವೆಲ್ಲ ಗಂಡನ ಪಕ್ಕದಲ್ಲೇ ಕೂತು ಕಾಜಾ ಹೊಲಿದು ಗುಂಡಿ ಹಚ್ಚುವವಳು ಅವಳು.

“ಏನಾಯ್ತು?”

“ಕಾಲು ಉಳುಕಿದೆ ಕಣೇ.”

“ಯಾವಾಗ?”

“ನಿದ್ದೇಲಿ.”

“ನಿದ್ದೇಲಿ ಎಲ್ಲಿಗೆ ಹೋಗಿದ್ರಿ?”

ಟೇಪಣ್ಣ ಉತ್ತರದ ಬದಲು ಇನ್ನಷ್ಟು ನರಳಿದ. ಹೆಂಡತಿಗೆ ಮರುಕ ಬರಬಹುದು, ಬಿಸಿನೀರಿನ ಶಾಖವೂ ಸಿಗಬಹುದು ಎಂದುಕೊಂಡಿದ್ದ. ಅವಳಿಗೆ ಬಂದದ್ದು ಸಿಟ್ಟು. “ಆರು ದಿನ ಬಿಟ್ಟು ಇವತ್ತೇ ಉಳುಕಬೇಕಿತ್ತಾ ಅದು? ಪೋಸ್ಟಣ್ಣ ಬರೋ ಹೊತ್ತಾಯ್ತು!” ಎಂದವಳೇ ಕೂದಲು ಗಂಟು ಹಾಕಿಕೊಳ್ಳುತ್ತಾ ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯಲ್ಲಿದ್ದದ್ದು ರಿಟೈರಾದ ಕಾಂಪೌಂಡರ್. ಅವರು ರಿಟೈರಾಗಿದ್ದದ್ದು ಆಸ್ಪತ್ರೆಯಿಂದ ಮಾತ್ರ, ಬೇರೆಯವರ ಕಾಯಿಲೆಗಳಿಂದಲ್ಲ. ಬೀದಿಯಲ್ಲಿ ಯಾರು ಸೀನಿದರೂ ಅವರಿಗೆ ಕೇಳಿಸುತ್ತಿತ್ತು. ಕರೆದ ಮೇಲಂತೂ ಕೇಳಬೇಕೇ, ಕನ್ನಡಕ ಏರಿಸಿಕೊಂಡು ಬಂದೇಬಿಟ್ಟರು.

“ಇಲ್ಲಿ ನೋಯುತ್ತಾ?”

“ಅಯ್ಯೋ!”

“ಇಲ್ಲಿ?”

“ಅಯ್ಯಯ್ಯೋ, ಮುಟ್ಟಬೇಡಿ ಸಾರ್!”

“ಇದು ಪಟ್ಟಿ ಕಟ್ಟಿರದ ಕಾಲು,” ಎಂದರು ಕಾಂಪೌಂಡರ್.

ಅವರು ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. “ಅಲ್ಲಯ್ಯಾ, ಬ್ಯಾಂಡೇಜಿಗೆ ಅಂಚು ಮಡಚಿ ಹೊಲಿದಿದ್ದೀಯಲ್ಲ! ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ.”

“ಕೈ ಅಭ್ಯಾಸ ಸಾರ್. ನೂಲು ಬಿಟ್ಟುಕೊಂಡಿದ್ರೆ ನನಗೆ ಆಗಲ್ಲ.”

“ಇರಲಿ. ಉಳುಕು ಅಂದ್ರೆ ನರ ಪಕ್ಕಕ್ಕೆ ಸರಿದಿರುತ್ತೆ. ಮಲಗಿದ್ರೆ ಅದು ಅಲ್ಲೇ ಬಿಡಾರ ಹೂಡುತ್ತೆ. ಆಚೆ ಗಾಳಿಗೆ ಕರ್ಕೊಂಡು ಹೋಗಬೇಕು,” ಎಂದು ತೀರ್ಪು ಕೊಟ್ಟು ಕಾಂಪೌಂಡರ್ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸೈಕಲ್ ಗಂಟೆ ಕೇಳಿಸಿತು.

ಪೋಸ್ಟಣ್ಣ ಒಳಗೆ ಬಂದ. ಪಟ್ಟಿ ಕಂಡ. “ಅಯ್ಯೋ ಪಾಪ! ಹಾಗಾದ್ರೆ ಇವತ್ತು ನಡೆಯೋದೇ ಬೇಡ ಬಿಡು,” ಎಂದವನೇ ಆ ಕುರ್ಚಿಯನ್ನು ಕಾಂಪೌಂಡರ್ ಕೈಯಿಂದ ಕಸಿದುಕೊಂಡಂತೆ ಕೂತುಬಿಟ್ಟ. ಮುಖದಲ್ಲಿ ಎಂಥದೋ ಕಳೆ. ಟೇಪಣ್ಣ ಓರೆಗಣ್ಣಿನಲ್ಲಿ ನೋಡಿದ. ಪಾಪ, ನಿರಾಸೆಯನ್ನು ಹೇಗೆ ನುಂಗಿಕೊಳ್ಳುತ್ತಿದ್ದಾನೆ! ಆದರೂ ನಿದ್ದೆ ದೊಡ್ಡದು. ಅವನು ಕಣ್ಣು ಮುಚ್ಚಿದ.

“ಅದು ಹೇಗಾಗುತ್ತೆ ಅಣ್ಣಾ?” ಟೇಪಣ್ಣನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಇವರು ರಾತ್ರಿಯೆಲ್ಲ ಸೇತುವೆ ಸೇತುವೆ ಅಂತ ಕನವರಿಸ್ತಿದ್ರು. ನಿಮ್ಮ ಸೈಕಲ್ ಇದೆಯಲ್ಲ? ಹಿಂದೆ ಕೂರಿಸ್ಕೊಂಡು ತಳ್ಳಿಕೊಂಡು ಹೋಗಿ. ನೀವೂ ನಡೆದ ಹಾಗಾಯ್ತು, ಇವರಿಗೂ ಗಾಳಿ ಸಿಕ್ಕ ಹಾಗಾಯ್ತು.”

“ಬಹಳ ಒಳ್ಳೇ ಐಡಿಯಾ,” ಎಂದರು ಕಾಂಪೌಂಡರ್, ಖಾಲಿಯಾದ ಕುರ್ಚಿಯಲ್ಲಿ ಕೂರುತ್ತಾ. ಪೋಸ್ಟಣ್ಣ ಆಗಲೇ ಎದ್ದು ನಿಂತಿದ್ದ. ನಿಟ್ಟುಸಿರು ಬಿಟ್ಟು, “ಸರಿ, ನಿನಗೋಸ್ಕರ ಅಂದ್ಮೇಲೆ ಇಲ್ಲ ಅನ್ನೋಕಾಗುತ್ತಾ?” ಎಂದ.

ಬೇಡವೆಂದು ಟೇಪಣ್ಣ ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವಷ್ಟರಲ್ಲಿ ಮೂವರೂ ಸೇರಿ ಅವನನ್ನು ಸೈಕಲ್ ಕ್ಯಾರಿಯರಿನ ಮೇಲೆ ಮೂಟೆಯ ಹಾಗೆ ಇಟ್ಟಾಗಿತ್ತು.

ಮೆರವಣಿಗೆ ಹೊರಟಿತು. ಪಟ್ಟಿ ಕಟ್ಟಿದ ಕಾಲು ಮುಂದಕ್ಕೆ ಚಾಚಿಕೊಂಡು, ಕ್ಯಾರಿಯರಿನ ಕಂಬಿ ಕೂತಲ್ಲಿ ಒತ್ತುತ್ತಾ, ಟೇಪಣ್ಣ ಬೀದಿಯುದ್ದಕ್ಕೂ ಪ್ರದರ್ಶನವಾದ. ಹಾಲಿನ ಬೂತಿನ ಹತ್ತಿರ ಉಳುಕು ಆಗಿದ್ದದ್ದು ತಿರುವಿನ ಹೊತ್ತಿಗೆ ಮುರಿತವಾಗಿತ್ತು. ಪೇಪರ್ ಹಾಕುವವನು “ಎಷ್ಟು ಬೆರಳು ಉಳೀತು?” ಎಂದು ವಿಚಾರಿಸಿದ. ಅವಳಿ ಮಕ್ಕಳ ತಾಯಿಯೊಬ್ಬಳು ಮೇಲಿನ ಕಿಟಕಿಯಿಂದಲೇ ಕೂಗಿದಳು: “ಟೇಪಣ್ಣಾ, ಮೆಷಿನ್ ತುಳಿಯೋದು ಆ ಕಾಲಲ್ಲಲ್ಲ ತಾನೇ? ನಾಳೆ ಯೂನಿಫಾರಂ ಸಿಗುತ್ತೆ ತಾನೇ?”

“ಸಿಗುತ್ತಮ್ಮಾ,” ಎಂದ ಟೇಪಣ್ಣ. ಮನೆಯಿಂದಲೇ ನಡೆದುಕೊಂಡು ಬಂದಿದ್ದರೆ ಇದಕ್ಕಿಂತ ಸುಖವಾಗಿರುತ್ತಿತ್ತು ಎಂದು ಅವನಿಗೆ ಅನಿಸಿತು. ತಳ್ಳುತ್ತಿದ್ದ ಪೋಸ್ಟಣ್ಣನ ಉಸಿರು ಹಳೆಯ ಹಾರ್ಮೋನಿಯಂ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

ಸೇತುವೆಗೆ ಮುಂಚೆ ಒಂದು ಇಳಿಜಾರು. ಅಲ್ಲಿ ಪೋಸ್ಟಣ್ಣ ಕಲ್ಲು ಎಡವಿದ. ಹ್ಯಾಂಡಲ್ ಕೈ ತಪ್ಪಿತು. ಸೈಕಲ್ ತಾನೇ ಯಜಮಾನ ಎಂಬಂತೆ ಹೊರಟಿತು. ಟೇಪಣ್ಣ “ಅಯ್ಯಪ್ಪಾ!” ಎಂದು ಎಗರಿ ಕೆಳಗಿಳಿದ. ಅಷ್ಟಕ್ಕೇ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಸ್ನೇಹಿತನ ಸೈಕಲ್ ನದಿಗೆ ಬಿದ್ದರೆ ಏನು ಗತಿ ಎಂದು ಅದರ ಹಿಂದೆಯೇ ಓಡಿದ. ಪಟ್ಟಿ ಬಿಚ್ಚಿಕೊಂಡು ಬಾಲದ ಹಾಗೆ ಹಿಂದೆ ಹಾರಾಡುತ್ತಿತ್ತು. ಸೇತುವೆಯ ಕಟ್ಟೆಗೆ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಕ್ಯಾರಿಯರ್ ಹಿಡಿದು ನಿಲ್ಲಿಸಿದ. ಗೆದ್ದವನಂತೆ ತಿರುಗಿ ನೋಡಿದ.

ಪೋಸ್ಟಣ್ಣ ಇಳಿಜಾರಿನ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಕಾಲು ವಾಸಿಯಾಯ್ತಾ?” ಎಂದ ಹತ್ತಿರ ಬಂದು.

ಟೇಪಣ್ಣನಿಗೆ ಇನ್ನು ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತ. “ಬೇಜಾರು ಮಾಡ್ಕೋಬೇಡ ಮಾರಾಯಾ. ನನಗೆ ನಡೆಯೋದು ಅಂದ್ರೆ ಆಗಲ್ಲ. ಯಾವತ್ತೂ ಆಗಿಲ್ಲ. ನಿನಗೆ ಇಷ್ಟ ಅಂತ ಬರ್ತಿದ್ದೆ. ಇವತ್ತೊಂದು ದಿನ ಮಲಗೋಣ ಅನ್ನಿಸ್ತು.”

ಪೋಸ್ಟಣ್ಣ ಪಕ್ಕದಲ್ಲಿ ಕೂತು ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಪಾದವನ್ನು ಸ್ನೇಹಿತನ ಮುಖಕ್ಕೆ ಹಿಡಿದ. ಪಾದದ ತುಂಬ ಆಣಿ, ಬೊಬ್ಬೆ.

“ನೋಡು ಇದನ್ನ. ಮನೆ ಮನೆ, ಮಹಡಿ ಮಹಡಿ, ವಾರವೆಲ್ಲ ನಡೆಯೋನು ನಾನು. ರಜಾ ದಿನ ಮತ್ತೆ ನಡೆಯೋಕೆ ನನಗೇನು ಹುಚ್ಚು ನಾಯಿ ಕಚ್ಚಿದೆಯಾ? ನೀನು ವಾರವೆಲ್ಲ ಕೂತೇ ಇರ್ತೀಯ, ಆಚೆ ಬರೋಕೆ ಹಾತೊರೀತಿರ್ತೀಯ ಅಂತ ನಾನು ಬರ್ತಿದ್ದದ್ದು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಟೇಪಣ್ಣನಿಗೆ ನಗು ಬಂತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೀರು ಬಂದದ್ದಕ್ಕೆ ನಗು ಒಂದೇ ಕಾರಣವಾಗಿರಲಿಲ್ಲ. ಹೋದ ಭಾನುವಾರಗಳನ್ನು ನೆನೆದರೆ ಯಾರಿಗಾದರೂ ಅಳು ಬರುತ್ತಿತ್ತು.

“ಈ ಗಾಳಿ ಹೇಗನಿಸುತ್ತೆ ನಿನಗೆ?” ಎಂದು ಕೇಳಿದ ಟೇಪಣ್ಣ.

“ನಾರುತ್ತೆ.”

“ಹಾಗಾದ್ರೆ ನಿನಗೆ ಇಷ್ಟ ಏನು? ನಿಜ ಹೇಳು.”

“ಬಿಸಿನೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಗೋಡೆ ನೋಡೋದು. ಯಾರೂ ‘ನನಗೇನಾದ್ರೂ ಬಂದಿದೆಯಾ’ ಅಂತ ಕೇಳಬಾರದು. ನಿನಗೆ?”

“ಅಂಗಾತ ಮಲಗೋದು. ಯಾರೂ ‘ಸ್ವಲ್ಪ ಸಡಿಲ ಇರಲಿ, ಆದ್ರೆ ಬಿಗಿ ಕಾಣಬೇಕು’ ಅನ್ನಬಾರದು.”

ಇಷ್ಟು ವರ್ಷದ ಸ್ನೇಹದಲ್ಲಿ ಇಷ್ಟು ಹಿತವಾದ ಮಾತು ಅವರು ಆಡಿರಲಿಲ್ಲ. ಟೇಪಣ್ಣನ ಎದೆ ಹಗುರಾಯಿತು. ಇನ್ನೂ ಬಿಸಿಲೇರಿಲ್ಲ. ಈಗ ಹೋದರೂ ಒಂದು ನಿದ್ದೆ ಮುಗಿಸಬಹುದು.

“ಅಲ್ಲಾ, ನಾನು ನಡೆಯೋಕೆ ಹಾತೊರೀತೀನಿ ಅಂತ ನಿನಗೆ ಹೇಳಿದ್ಯಾರು?” ಎಂದ, ಎದ್ದು ಸೈಕಲ್ ತಿರುಗಿಸುತ್ತಾ.

“ನನ್ನ ಹೆಂಡತಿ. ನಿನಗೆ?”

“ನನ್ನ ಹೆಂಡತಿ.”

“ಪಾಪ, ಅವರಿಗೂ ಯಾರೋ ತಪ್ಪು ಹೇಳಿರಬೇಕು,” ಎಂದ ಪೋಸ್ಟಣ್ಣ. ವಾರವೆಲ್ಲ ಬೇರೆಯವರ ಸುದ್ದಿಯನ್ನು ಸರಿಯಾದ ಮನೆಗೆ ಮುಟ್ಟಿಸುವವನಿಗೆ ತನ್ನ ಮನೆಯ ಸುದ್ದಿ ತಿಳಿದಿರಲಿಲ್ಲ.

ಇಬ್ಬರೂ ಓಡುನಡಿಗೆಯಲ್ಲಿ ಟೇಪಣ್ಣನ ಮನೆಗೆ ಬಂದರು. ಬಾಗಿಲಿಗೆ ಒಳಗಿನಿಂದ ಚಿಲಕ. ಟೇಪಣ್ಣ ಕಿಟಕಿಯಲ್ಲಿ ಇಣುಕಿದ. ಅವನ ಚಾಪೆಯ ಮೇಲೆ ಪೋಸ್ಟಣ್ಣನ ಹೆಂಡತಿ ಅಂಗಾತ ಮಲಗಿದ್ದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಒಲೆಯ ಮುಂದೆ ನಿಲ್ಲುವ ಹೆಂಗಸು ಅವಳು. ಅವಳ ಪಕ್ಕದಲ್ಲಿ ಅವನ ಹೆಂಡತಿ, ದಿಂಬಿನ ಮೇಲೆ ಕಾಲು ಹಾಕಿಕೊಂಡು ಸೂರು ನೋಡುತ್ತಿದ್ದಳು. ಒಲೆ ಹಚ್ಚಿರಲಿಲ್ಲ. ಇಬ್ಬರೂ ಏನೂ ಮಾಡುತ್ತಿರಲಿಲ್ಲ. ಹೆಂಡತಿಯ ಮುಖದಲ್ಲಿ ಅಂಥ ನೆಮ್ಮದಿಯನ್ನು ಟೇಪಣ್ಣ ಮದುವೆಯಾದಾಗಿನಿಂದ ಕಂಡಿರಲಿಲ್ಲ.

“ಲೇ, ಬಾಗಿಲು ತೆಗಿ!”

ಹೆಂಡತಿ ಬೆಚ್ಚಿಬೀಳಲಿಲ್ಲ. ನಿಧಾನವಾಗಿ ಎದ್ದು ಕಿಟಕಿಗೆ ಬಂದಳು. “ಇಷ್ಟು ಬೇಗ ಯಾಕೆ ಬಂದ್ರಿ?”

“ನಮ್ಮಿಬ್ಬರಿಗೂ ನಡೆಯೋದು ಇಷ್ಟ ಇಲ್ಲ!”

“ಗೊತ್ತು.”

“ಗೊತ್ತಾ? ಮತ್ತೆ ನೀವಿಬ್ಬರೂ...”

“ಹೌದು, ನಾವೇ ಹೇಳಿದ್ದು. ನಿಮಗೊಬ್ಬ ಸ್ನೇಹಿತ ಇದ್ದ ಹಾಗೆ ನನಗೂ ಒಬ್ಬಳಿದ್ದಾಳೆ. ಸೂಜಿ ಎಲ್ಲಿ, ನೂಲೆಲ್ಲಿ, ಟವೆಲ್ ಎಲ್ಲಿ ಅಂತ ಕೇಳೋರಿಲ್ಲದ ಒಂದು ಬೆಳಗ್ಗೆ ನಮಗೂ ಬೇಡ್ವಾ?”

ಟೇಪಣ್ಣ ಅಂಗಲಾಚಿದ: “ನಾವೂ ಒಂದು ಮೂಲೇಲಿ ಬಿದ್ಕೊಂಡಿರ್ತೀವಿ ಕಣೇ. ಉಸಿರು ಕೂಡ ಎತ್ತಲ್ಲ.” ಅವನ ಗಂಟಲು ಒಣಗಿತ್ತು. “ಮೊದಲು ಒಂದು ಲೋಟ ನೀರು ಕೊಡು.”

ಹೆಂಡತಿ ಗೆಳತಿಯ ಕಡೆ ತಿರುಗಿ ನೋಡಿದಳು. ಗೆಳತಿ ಕಣ್ಣು ತೆರೆಯದೆಯೇ ನಕ್ಕಳು. ಕಿಟಕಿಯ ಸರಳುಗಳ ನಡುವಿಂದ ನೀರಿನ ಲೋಟ ಹೊರಬಂತು. ಬಾಗಿಲು ತೆರೆಯಲಿಲ್ಲ.

“ಹೋಗಲಿ ಬಾ, ನಮ್ಮ ಮನೇಲಿ ಮಲಗೋಣ,” ಎಂದ ಪೋಸ್ಟಣ್ಣ.

“ಅಲ್ಲಿಗೆ ಹೋಗಬೇಡಿ,” ಒಳಗಿನಿಂದ ಅವನ ಹೆಂಡತಿ ಹೇಳಿದಳು. “ಬ್ಯಾಂಕಿನವರ ಹೆಂಡತಿ, ಬಸ್ ಡ್ರೈವರ್ ಹೆಂಡತಿ ಮಲಗಿದ್ದಾರೆ. ಅವರ ಮನೇಲಿ ಅತ್ತೆ ಮಾವ ಇದ್ದಾರಲ್ಲ, ಪಾಪ.”

ಲೋಟ ಕಿಟಕಿಯ ಮೇಲಿಟ್ಟು ಇಬ್ಬರೂ ಮತ್ತೆ ಬೀದಿಗೆ ಬಂದರು. ಬಿಸಿಲು ಏರುತ್ತಿತ್ತು. ಮೊದಲಾದರೆ ಒಬ್ಬೊಬ್ಬನೂ ಇನ್ನೊಬ್ಬನ ಸಂತೋಷಕ್ಕೆಂದು ನಡೆಯುತ್ತಿದ್ದ. ಈಗ ಆ ಸಮಾಧಾನವೂ ಇರಲಿಲ್ಲ.

ಎದುರಿನಿಂದ ಬ್ಯಾಂಕಿನವನೂ ಬಸ್ ಡ್ರೈವರನೂ ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಬ್ಯಾಂಕಿನವನು ಕುಂಟುತ್ತಿದ್ದ. ಡ್ರೈವರ್ ಒಂದು ಹೆಜ್ಜೆ ಮುಂದೆ ಹೋದಾಗ ಅವನು ಟೇಪಣ್ಣನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ: “ನನಗೆ ಮೊಣಕಾಲು ನೋವು ಕಣಪ್ಪ. ಆದ್ರೂ ಬರ್ತೀನಿ. ನಮ್ಮ ಡ್ರೈವರಿಗೆ ನಡೆಯೋದು ಅಂದ್ರೆ ಪ್ರಾಣ.”

ಟೇಪಣ್ಣ ಬಾಯಿ ತೆರೆದ. ಪೋಸ್ಟಣ್ಣ ಅವನ ಮೊಣಕೈ ಚಿವುಟಿ ಮುಂದಕ್ಕೆಳೆದುಕೊಂಡು ಹೋದ.

“ಯಾಕಯ್ಯಾ ಹೇಳೋಕೆ ಬಿಡಲಿಲ್ಲ?”

“ಬೇಡ ಬಿಡು,” ಎಂದ ಪೋಸ್ಟಣ್ಣ. “ಸ್ನೇಹಿತನಿಗೋಸ್ಕರ ನಡೀತಿದ್ದೀನಿ ಅಂದ್ಕೊಂಡಾಗ ಕಾಲು ಅಷ್ಟು ನೋಯಲ್ಲ. ನನಗೆ ಇವತ್ತೇ ಗೊತ್ತಾಗಿದ್ದು.”

ಇಬ್ಬರೂ ಸೇತುವೆಯ ಕಡೆ ನಡೆದರು.