ಆರ್ಗಾನ್ ಮಾವ ಮತ್ತು ಆರತಿ ನೀರು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಅಕ್ಕೂರಿನಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಯಾಕೆ ಹೇಳಬೇಕು? ರಾಮನಗರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ಅವನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಲಿಟ್ಮಸ್ ಕಾಗದ ಇದ್ದೇ ಇರುತ್ತಿತ್ತು. ನೀಲಿ ಕಾಗದ ಕೆಂಪಾದರೆ ಆಸಿಡ್ಡು, ಕೆಂಪು ನೀಲಿಯಾದರೆ ಬೇಸು. ಉಪ್ಸಾರು, ರೇಷ್ಮೆಗೂಡು ಬೇಯಿಸುವ ನೀರು, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ತೀರ್ಥಕ್ಕೂ ಅದ್ದಿದ! ಅಂದಿನಿಂದ ಪೂಜಾರಪ್ಪ ಅವನ ಎರಡೂ ಕೈ ನೋಡಿಯೇ ತೀರ್ಥ ಕೊಡುತ್ತಿದ್ದ.

ನೆಂಟರನ್ನೆಲ್ಲ ಪೀರಿಯಾಡಿಕ್ ಟೇಬಲ್ಲಿನಲ್ಲಿ ಕೂರಿಸಿದ್ದ. ಚಿಕ್ಕಮ್ಮ ಸೋಡಿಯಂ, ಒಂದು ಹನಿ ನೀರು ಸೋಕಿದರೆ ಸಾಕು, ಸಿಡಿಯುತ್ತಾಳೆ. ಮದುವೆಯಾಗದ ತಾನು ಆರ್ಗಾನ್, ಯಾರ ಜೊತೆಗೂ ಸೇರದ ಜಡ ಅನಿಲ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಹೊತ್ತು ತಂದು ಸಾಕಿದವನು ಇದೇ ಜಡ ಅನಿಲ! ನನಗೆ ಬಂದ ಗಂಡುಗಳಲ್ಲೆಲ್ಲ ಕೊಂಕು ಹುಡುಕುತ್ತಿದ್ದ.

"ಇಂಗೇ ಆದ್ರೆ ನನ್ನ ಯಾವಾಗ ಕಳಿಸ್ತೀಯ ಮಾವ?" ಎಂದೆ.

"ನೋಡವ್ವ, ಜಡ ಅನಿಲಗಳ ಸಾಲ್ನಲ್ಲಿ ಕೆಳಕ್ಕೆ ಹೋದಂಗೆ ಪರಮಾಣು ದಪ್ಪ ಆಯ್ತದೆ. ಹೊರಗಿನ ಎಲೆಕ್ಟ್ರಾನ್ ಮ್ಯಾಲೆ ಹಿಡಿತ ಸಡಿಲ ಆಯ್ತದೆ. ಕ್ಸೆನಾನ್ ಬಿಟ್ಕೊಡ್ತದೆ. ನಾನು ಆರ್ಗಾನು, ಬಿಡಾಕಿಲ್ಲ."

ಆಮೇಲೆ ಕುದೂರಿನ ಹುಡುಗ ಬಂದ. ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಅವನು ನನಗೆ ಬಹಳ ಹಿಡಿಸಿಬಿಟ್ಟ. ಮದುವೆಯಾದರೆ ಇವನನ್ನೇ ಎಂದು ಹೇಳಿಯೂಬಿಟ್ಟೆ. ಮಾವ ಮನೆ ನೋಡಲು ಕುದೂರಿಗೆ ಹೋದವನು, ಅವರು ಕೊಟ್ಟ ಮಜ್ಜಿಗೆಗೆ ನೀಲಿ ಕಾಗದ ಅದ್ದಿದ.

"ಏನ್ ಮೇಷ್ಟ್ರೇ, ಇಸ ಇಕ್ಕಿದ್ದೀವಾ?" ಎಂದು ಹುಡುಗನ ತಾಯಿ ಗುಡುಗಿದರು.

"ಇಲ್ಲ ಕಣಮ್ಮ, ಲ್ಯಾಕ್ಟಿಕ್ ಆಸಿಡ್ಡು. ಬೋ ಚೆನ್ನಾಗೈತೆ."

ಮದುವೆ ನಿಶ್ಚಯವಾಯಿತು, ಆದರೆ ಬೀಗಿತ್ತಿಯ ಮುಖದ ಗಂಟು ಬಿಚ್ಚಲಿಲ್ಲ. ಆ ಗಂಟಿನೊಂದಿಗೇ ಮದುವೆಯ ದಿನ ರಾಮನಗರದ ಛತ್ರದ ಬಾಗಿಲಿಗೆ ಬಂದರು. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪಗಾಗುತ್ತದೆ, ಆ ನೀರಿನಲ್ಲಿ ಆರತಿ ಎತ್ತಿಯೇ ಗಂಡನ್ನು ಒಳಗೆ ಕರೆಯಬೇಕು. ಚಿಕ್ಕಮ್ಮ ತಟ್ಟೆ ಹಿಡಿದು ಬಂದಳು. ನೀರು ಹಳದಿ! ಸುಣ್ಣ ಹಾಕಿದ್ದರೂ ಹಳದಿ!

"ಆರತಿ ನೀರೇ ಕೆಂಪಾಗ್ನಿಲ್ಲ. ಅಪಶಕುನ. ನಡೀಲಾ, ಬಸ್ ಹತ್ತು," ಎಂದು ಬೀಗಿತ್ತಿ ಮಗನ ತೋಳು ಹಿಡಿದರು. ಒಳಗಿನಿಂದ ನೋಡುತ್ತಿದ್ದ ನಾನು ಕಿಟಕಿಯ ಸರಳು ಹಿಡಿದುಕೊಂಡೆ.

ನನ್ನನ್ನು ಬಿಟ್ಟುಕೊಡಲು ಇಷ್ಟವಿಲ್ಲದಿದ್ದರೆ ಮಾವ ಸುಮ್ಮನಿದ್ದುಬಿಡಬಹುದಿತ್ತು. ಎಲೆಕ್ಟ್ರಾನು ಮನೆಯಲ್ಲೇ ಉಳಿಯುತ್ತಿತ್ತು! ಒಂದು ಸಲ ಅವರ ಬಸ್ಸಿನ ಕಡೆ ನೋಡಿಯೂ ನೋಡಿದ. ಆಮೇಲೆ ಕಿಟಕಿಯ ಕಡೆ, ನನ್ನ ಮುಖ ನೋಡಿದ. ಜೇಬಿಗೆ ಕೈ ಹಾಕಿ ನೀಲಿ ಕಾಗದ ತೆಗೆದು ತಟ್ಟೆಗೆ ಅದ್ದಿದ. ಕೆಂಪಾಯಿತು.

"ಇದಕ್ಕೆ ನಿಂಬೆಹಣ್ಣು ಹಿಂಡಿದ್ಯಾರು?"

"ದೃಷ್ಟಿ ಆಗ್ದೇ ಇರ್ಲಿ ಅಂತ ನಾನೇ ಒಂದು ಹಿಂಡ್ದೆ ಕಣಣ್ಣ," ಎಂದಳು ಚಿಕ್ಕಮ್ಮ, ಸೋಡಿಯಂ ಎನ್ನುವುದನ್ನೇ ಮರೆತು ಮೆತ್ತಗೆ.

"ನಿಂಬೆಯ ಹುಳಿ ಸುಣ್ಣಾನ ತಿಂದಾಕೈತೆ, ಅಷ್ಟೇ. ಬೀಗಿತ್ತಮ್ಮ, ನಿಮ್ಮ ಎಲೆಅಡಿಕೆ ಚೀಲದಲ್ಲಿ ಸುಣ್ಣ ಐತಲ್ಲ, ನಿಮ್ಮ ಕೈಯಾರೆ ಒಸಿ ಹಾಕಿ."

ಅವರು ಅನುಮಾನದಿಂದಲೇ ಸುಣ್ಣ ಕದಡಿದರು. ಬೆರಳು ಆಡಿಸಿದಂತೆ ನೀರು ಕೆಂಪೇರಿತು. ತಮ್ಮ ಕೈಯಿಂದಲೇ ಶುಭವಾಯಿತೆಂದು ಬೀಗಿತ್ತಿ ಮೊದಲ ಸಲ ನಕ್ಕರು.

ಸಂಜೆ ನನ್ನನ್ನು ಕಳಿಸಿಕೊಡುವಾಗ ಮಾವ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಪಾತ್ರೆಗಳ ಕೋಣೆಯಲ್ಲಿ ನಿಂತು, ಕೆಂಪು ಲಿಟ್ಮಸ್ಸನ್ನು ಕಣ್ಣಿಗೆ ಒತ್ತಿಕೊಂಡಿದ್ದ.

"ಏನ್ ಮಾವ ಇದು?"

"ಕಣ್ಣೀರು ಒಸಿ ಬೇಸು ಅಂತಾರೆ. ನೋಡ್ತಿದ್ದೆ."

ಕಾಗದದ ಬಣ್ಣ ಬದಲಾಯಿತೋ ಇಲ್ಲವೋ ನನಗೆ ಕಾಣಲಿಲ್ಲ, ನನ್ನ ಕಣ್ಣೂ ತುಂಬಿತ್ತು. ಅವನು ನನ್ನ ತಲೆ ಸವರಿದ.

"ಲೆಕ್ಕ ತಪ್ತು ಕಣವ್ವ. ನಾನು ಆರ್ಗಾನ್ ಅಲ್ಲ, ಕ್ಸೆನಾನು. ಹೋಗ್ಬಾ."