ಭಾಷಣದ ಮೇಷ್ಟ್ರ ಕೈಸನ್ನೆ

ಶಾಲೆಯ ಮಕ್ಕಳಿಗೆಲ್ಲ ಮಾತು ಕಲಿಸುವ ಭಾಷಣದ ಮೇಷ್ಟ್ರು ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕಾಫಿ ಬೇಕಾದರೆ ತುಟಿಯ ಹತ್ತಿರ ಹೆಬ್ಬೆರಳು ಹೋಗುತ್ತಿತ್ತು. ಟವೆಲ್ ಬೇಕಾದರೆ ಬಚ್ಚಲ ಬಾಗಿಲ ಸಂದಿಯಿಂದ ಒಂದು ಒದ್ದೆ ಕೈ ಹೊರಬರುತ್ತಿತ್ತು. ಗಂಟಲೇ ತಮ್ಮ ಬಂಡವಾಳ, ಅದನ್ನು ಮನೆಯಲ್ಲಿ ಪೋಲು ಮಾಡಬಾರದು ಎಂಬುದು ಅವರ ಘನ ಸಿದ್ಧಾಂತ. (ಬಾಯಿ ಬಿಟ್ಟಾಗಲೆಲ್ಲ ಹೆಂಡತಿಯ ಮುಂದೆ ಸೋತಿದ್ದರು. ಸಿದ್ಧಾಂತ ಹುಟ್ಟಿದ್ದು ಆಮೇಲೆ.)

ಈಗ ಆ ಬಂಡವಾಳಕ್ಕೇ ಸಂಚಕಾರ ಬಂದಿತ್ತು. ಭಾಷಣದ ಪೀರಿಯಡ್ಡನ್ನು ತಮಗೆ ಕೊಡಿ ಎಂದು ಚಿತ್ರಕಲೆಯವರು ದುಂಬಾಲು ಬಿದ್ದಿದ್ದರು. ವಾರ್ಷಿಕೋತ್ಸವದಲ್ಲಿ ನಿಮ್ಮ ಮಕ್ಕಳು ಹೇಗೆ ಮಾತಾಡುತ್ತಾರೋ ನೋಡಿ ತೀರ್ಮಾನಿಸುತ್ತೇನೆ ಎಂದು ಹೆಡ್ ಮೇಡಂ ಹೇಳಿಬಿಟ್ಟರು. ಮೇಷ್ಟ್ರು ಹೆದರಿದರು. ಹೆದರಿದ ಬುದ್ಧಿಗೆ ಹೊಳೆಯುವಂಥದ್ದೇ ಒಂದು ಉಪಾಯ ಹೊಳೆಯಿತು. ಭಾಷಣಕ್ಕೆ ಸ್ವಂತ ಮಗಳನ್ನೇ ನಿಲ್ಲಿಸುವುದು, ತಾವು ಸಭೆಯಲ್ಲಿ ಕೂತು ಕೈಸನ್ನೆಯಲ್ಲೇ ನಡೆಸುವುದು. ಅಪ್ಪ ಕೈ ಎತ್ತಿದರೆ ಅವಳೂ ಎತ್ತಬೇಕು, ಎದೆ ಮುಟ್ಟಿಕೊಂಡರೆ ಅವಳೂ ಮುಟ್ಟಿಕೊಳ್ಳಬೇಕು.

ಮಗಳನ್ನು ಮನೆಯಲ್ಲಿ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಮಾತ್ರ ಅವಳಿಗೆ ಕಟ್ಟುನಿಟ್ಟಿನ ಆಜ್ಞೆಯಾಗಿತ್ತು: ವೇದಿಕೆ ಹತ್ತುವವರೆಗೂ ತುಟಿಪಿಟಕ್ಕೆನ್ನಬಾರದು, ಗಂಟಲು ಕೆಡುತ್ತದೆ. ಮನೆಯಿಂದ ಹೊರಡುವಾಗ ಅವಳು ಅಪ್ಪನ ತೋಳು ಹಿಡಿದು ಎಳೆದಳು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. ಗೇಟಿನ ಹತ್ತಿರ ಮತ್ತೆ ಎಳೆದಳು, ಅವರು ಮತ್ತೆ ಬೆರಳಿಟ್ಟರು. ತಮ್ಮ ಶಿಕ್ಷಣ ಫಲಿಸುತ್ತಿದೆಯೆಂದು ಒಳಗೊಳಗೇ ಬೀಗಿದರು.

ಭಾಷಣದ ವಿಷಯ ಶಿಸ್ತು. ಮಗಳು ನಮಸ್ಕಾರ ಹೇಳಿ ಶುರುಮಾಡಿದಳು, ಅಪ್ಪನ ಕೈ ಎದ್ದಿತು, ಮಗಳ ಕೈಯೂ ಎದ್ದಿತು. ಹೆಡ್ ಮೇಡಂ ತಲೆದೂಗಿದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ ಕಿವಿಯ ಹತ್ತಿರ ಬಗ್ಗಿದರು.

"ರೀ, ಮನೆ ಬೀಗದ ಕೈ ನಿಮ್ಮ ಹತ್ರ ತಾನೆ?"

ಮೇಷ್ಟ್ರು ಶರ್ಟಿನ ಜೇಬು ತಟ್ಟಿದರು. ಇಲ್ಲ. ಪ್ಯಾಂಟಿನ ಎರಡೂ ಜೇಬು ತಟ್ಟಿದರು, ಹಿಂದಕ್ಕೂ ಕೈ ಹಾಕಿ ನೋಡಿದರು. ವೇದಿಕೆಯ ಮೇಲೆ ಮಗಳು, "ನಮ್ಮ ದೇಶದ ನಿಜವಾದ ಸಂಪತ್ತು ಎಲ್ಲಿದೆ?" ಎಂದು ಕೇಳಿ ಎದೆ ತಟ್ಟಿಕೊಂಡಳು, ಸೊಂಟ ತಟ್ಟಿಕೊಂಡಳು, ಹಿಂದೆಯೂ ತಟ್ಟಿಕೊಂಡಳು. ಮೇಷ್ಟ್ರು ಬಗ್ಗಿ ಕುರ್ಚಿಯ ಕೆಳಗೆ ಹುಡುಕಿದರು. ಮಗಳು ಬಗ್ಗಿ ಮೈಕಿನ ಮೇಜಿನ ಕೆಳಗೆ ದೇಶದ ಸಂಪತ್ತನ್ನು ಹುಡುಕಿದಳು. ಸಭೆ ಗೊಳ್ಳೆಂದಿತು. ಮೇಷ್ಟ್ರು ತಲೆ ಎತ್ತಿ ನೋಡಿ, ದಿಕ್ಕೆಟ್ಟು ಹಣೆ ಚಚ್ಚಿಕೊಂಡರು. ಮಗಳೂ ನಿಷ್ಠೆಯಿಂದ ಚಚ್ಚಿಕೊಂಡಳು.

ಆದರೆ ಈಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡ ಮೇಷ್ಟ್ರಿಗೆ ಪೀರಿಯಡ್ಡು ಹಾಳಾಗಿ ಹೋಗಲಿ ಅನ್ನಿಸಿತು. ಹಾಗಂತ ಬಾಯಿ ಬಿಟ್ಟು ಹೇಳೋಣವೆಂದರೆ ನಾಲಿಗೆಯೇ ಏಳಲಿಲ್ಲ. ಎದ್ದು ನಿಂತದ್ದು ಹೆಂಡತಿ.

"ಅಪ್ಪನ್ನ ನೋಡ್ಬೇಡ ಪುಟ್ಟಿ. ನನ್ನ ನೋಡ್ಕೊಂಡು, ಮನೇಲಿ ಮಾತಾಡ್ತೀಯಲ್ಲ, ಹಾಗೇ ಹೇಳು."

ಚಿನಕುರುಳಿ ಮೂಗೊರೆಸಿಕೊಂಡಳು. "ಅಮ್ಮ, ಬೀಗದ ಕೈ ಬಾಗಿಲಲ್ಲೇ ನೇತಾಡ್ತಿದೆ. ಅಪ್ಪ ಬೀಗ ಹಾಕಿ ಕೈ ಅಲ್ಲೇ ಬಿಟ್ರು. ನಾನು ಹೇಳೋಕೆ ಹೋದೆ, ಮಾತಾಡಿದ್ರೆ ಭಾಷಣ ಕೆಡುತ್ತೆ ಅಂದಿದ್ರಲ್ಲ, ಅದಕ್ಕೇ ಸುಮ್ಮನಾದೆ. ಶಿಸ್ತು ಅಂದ್ರೆ ಇದೇ."

ಮೇಷ್ಟ್ರು ಸಭೆಯ ನಡುವೆಯೇ ಎದ್ದುಬಿದ್ದು ಓಡಿದರು. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಅದು ಮಗಳ ಭಾಷಣಕ್ಕೋ ತಮ್ಮ ಓಟಕ್ಕೋ ಎಂದು ನಿಂತು ವಿಚಾರಿಸುವಷ್ಟು ಪುರುಸೊತ್ತಿರಲಿಲ್ಲ.

ಕೈಯಲ್ಲಿ ಬೀಗದ ಕೈ ಹಿಡಿದು ಏದುಸಿರು ಬಿಡುತ್ತ ಮರಳಿದಾಗ ಭಾಷಣ ಮುಗಿದಿತ್ತು, ತೀರ್ಮಾನವೂ ಆಗಿತ್ತು. ಆಮೇಲೆ ಮಗಳು ಅರಳು ಹುರಿದ ಹಾಗೆ ಮಾತಾಡಿದಳಂತೆ, ಹೆಡ್ ಮೇಡಂ ನಕ್ಕು ನಕ್ಕು ಸುಸ್ತಾದರಂತೆ. ಭಾಷಣದ ಪೀರಿಯಡ್ಡು ಮುಂದಿನ ವರ್ಷವೂ ಇರುತ್ತದೆ ಎಂದು ಅವರೇ ಹೇಳಿದರು. ಮೇಷ್ಟ್ರು ಕೈಮುಗಿದರು. ಅದನ್ನು ನಿಮ್ಮ ಮನೆಯವರು ತೆಗೆದುಕೊಳ್ಳಲು ಒಪ್ಪಿದ್ದಾರೆ ಎಂಬ ಮಾತಿನ ಉಳಿದರ್ಧ ಬರುವ ಹೊತ್ತಿಗೆ, ಮುಗಿದ ಕೈಯನ್ನು ಬಿಡಿಸುವುದು ಹೇಗೆಂದು ಅವರಿಗೆ ತೋಚಲಿಲ್ಲ.

ಸಂಜೆ ಮನೆಯಲ್ಲಿ ಸೋಫಾದ ಮೇಲೆ ಕುಸಿದು, ಅಭ್ಯಾಸಬಲದಿಂದ ಹೆಬ್ಬೆರಳನ್ನು ತುಟಿಯ ಹತ್ತಿರ ತಂದರು.

ಹೊಸ ಟೀಚರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. "ಎದ್ದು ನಿಂತ್ಕೊಳ್ಳಿ. ನನ್ನ ಮುಖ ನೋಡಿ. ಬಾಯಿ ಬಿಟ್ಟು ಹೇಳಿ."

ಮೇಷ್ಟ್ರು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು. ಮೊದಲ ಪದವೇ ಮರೆತುಹೋಯಿತು. ಅಮ್ಮನ ಬೆನ್ನ ಹಿಂದಿನಿಂದ ಚಿನಕುರುಳಿ ಕೈಸನ್ನೆ ಮಾಡಿ ತೋರಿಸಿಕೊಟ್ಟಳು.